ವ್ಯಾಪಾರ ಪತ್ರಗಳಲ್ಲಿ ಕಾಲ ಮತ್ತು ವಚನ

1996ರಲ್ಲಿ ಕಾಫಿ ಮಾರಾಟವು ಸಂಪೂರ್ಣ ಮುಕ್ತವಾದ ಬಳಿಕ ಕೊಡಗಿನ ವರ್ತಕರಿಗೆ ದೂರದ ಖರೀದಿದಾರರೊಡನೆ ಆಂಗ್ಲ ಪತ್ರವ್ಯವಹಾರದ ಅಗತ್ಯ ಹೆಚ್ಚಿತು. ಕನ್ನಡದ ‘ಕಳುಹಿಸುತ್ತೇವೆ’ ಎಂಬ ರೂಪವು ವರ್ತಮಾನಕ್ಕೂ ಭವಿಷ್ಯಕ್ಕೂ ಸಲ್ಲುತ್ತದೆ, ಆಂಗ್ಲದಲ್ಲಿ ಹಾಗಲ್ಲ. ‘ವಿ ಸೆಂಡ್’ ಎಂಬುದು ರೂಢಿಯನ್ನು ಸೂಚಿಸುತ್ತದೆ. ‘ವಿ ವಿಲ್ ಸೆಂಡ್’ ಮುಂದಿನ ವಾಗ್ದಾನ. ‘ವಿ ಹ್ಯಾವ್ ಸೆಂಟ್’ ಎಂದರೆ ಸರಕು ಈಗಾಗಲೇ ಹೊರಟಿದೆ. ಗೋದಾಮಿನಲ್ಲಿಯೇ ಇರುವ ಸರಕಿಗೆ ‘ಸೆಂಟ್’ ಎಂದು ಬರೆದರೆ ಖರೀದಿದಾರನು ಅಂದಿನಿಂದಲೇ ದಿನ ಎಣಿಸತೊಡಗುತ್ತಾನೆ. ವರ್ತಕನ ಮಾತಿನ ಬೆಲೆ ಕುಗ್ಗುತ್ತದೆ.

ವಚನದಲ್ಲಿಯೂ ಎಚ್ಚರ ಅಗತ್ಯ. ಕನ್ನಡದಲ್ಲಿ ‘ಹತ್ತು ಚೀಲ’ ಸಾಕು. ಆಂಗ್ಲದಲ್ಲಿ ‘ಟೆನ್ ಬ್ಯಾಗ್ಸ್’ ಎಂದೇ ಆಗಬೇಕು. ಆದರೆ ಚೀಲದೊಳಗಿನ ಕರಿಮೆಣಸು ಏಕವಚನದಲ್ಲಿಯೇ ಉಳಿಯುತ್ತದೆ: ‘ಟೆನ್ ಬ್ಯಾಗ್ಸ್ ಆಫ್ ಪೆಪರ್’. ‘ಪೆಪರ್ಸ್’ ಎಂದರೆ ದೊಣ್ಣೆಮೆಣಸಿನಕಾಯಿ ಎಂಬ ಅರ್ಥ ಬಂದೀತು. ಪತ್ರ ರವಾನಿಸುವ ಮುನ್ನ ಕ್ರಿಯಾಪದವನ್ನು ಗೋದಾಮಿನ ಲೆಕ್ಕದೊಡನೆ ತಾಳೆ ನೋಡುವುದು ಒಳಿತು.