ರೆಜೆಕ್ಸ್ ಕನ್ನಡವನ್ನು ಕತ್ತರಿಸುವುದೇಕೆ?

ಪ್ರಶ್ನೆ: ವರ್ಷಗಳಿಂದ ಕೂಡಿಟ್ಟ ಬುಕ್‌ಮಾರ್ಕ್‌ಗಳಲ್ಲಿ ಕನ್ನಡದ ಪುಟಗಳನ್ನಷ್ಟೇ ಹೆಕ್ಕಿ ತೆಗೆಯಬೇಕು. ಅದಕ್ಕೆಂದೇ ರೆಗ್ಯುಲರ್ ಎಕ್ಸ್‌ಪ್ರೆಷನ್ (ರೆಜೆಕ್ಸ್) ಕಲಿಯಲು ಹೊರಟೆ. [ಅ-ಹ]+ ಎಂದು ಬರೆದರೆ ಪದಗಳು ತುಂಡುತುಂಡಾಗಿ ಸಿಗುತ್ತವೆ. ಪರೀಕ್ಷಿಸಿ ನೋಡಲು ಒಳ್ಳೆಯ ಆನ್‌ಲೈನ್ ತಾಣ ಯಾವುದು? ಬುಕ್‌ಮಾರ್ಕ್‌ಗಳನ್ನು ಎಲ್ಲಿಡುವುದು ವಾಸಿ?

ಉತ್ತರ: ರೆಜೆಕ್ಸ್101 ತಾಣದಿಂದ ಶುರುಮಾಡಿ. ರೆಜೆಕ್ಸರ್ ಕೂಡ ಚೆನ್ನಾಗಿದೆ, ನೋಡಲು ಅಂದವಾಗಿಯೂ ಇದೆ. ಆದರೆ ಪೈಥಾನ್, ಜಾವಾಸ್ಕ್ರಿಪ್ಟ್, ಪಿಎಚ್‌ಪಿ, ಜಾವಾ, ಗೋ ಎಂದು ಭಾಷೆ ಆರಿಸಿಕೊಳ್ಳುವ ಸೌಲಭ್ಯ ಮೊದಲನೆಯದರಲ್ಲಿ ಹೆಚ್ಚು. ಕನ್ನಡದ ಮಟ್ಟಿಗೆ ಈ ಆಯ್ಕೆ ಬಹಳ ಮುಖ್ಯ.

ನಿಮ್ಮ ತೊಂದರೆಯ ಮೂಲ ಕಾಗುಣಿತದಲ್ಲಿದೆ. 'ಕನ್ನಡ' ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿಗೆ ಐದು ಸಂಕೇತ: ಕ, ನ, ವಿರಾಮ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ), ನ, ಡ. ಯೂನಿಕೋಡ್ ಪಟ್ಟಿಯಲ್ಲಿ ಗುಣಿತದ ಚಿಹ್ನೆಗಳೂ ವಿರಾಮವೂ ಹಕಾರದ ಆಚೆಗಿವೆ, ಅನುಸ್ವಾರ ಅಕಾರಕ್ಕಿಂತ ಮೊದಲೇ ಇದೆ. ಹಾಗಾಗಿ ನಿಮಗೆ 'ಕನ', 'ನಡ' ಎಂಬ ಎರಡು ಚೂರು ಸಿಕ್ಕಿರಬೇಕು. 'ಪದದ ಅಕ್ಷರ' ಎಂಬರ್ಥದ ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು ಬಳಸಿದರೂ ಬಿಡುಗಡೆಯಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಅದಕ್ಕೆ ಕನ್ನಡವೇ ಕಾಣದು. ಪೈಥಾನ್ ಜೊತೆಗೆ ಬರುವ ರೆಜೆಕ್ಸ್ ಕನ್ನಡವನ್ನು ಗುರುತಿಸಿದರೂ ವಿರಾಮದ ಬಳಿ ಅಲ್ಲೇ ಕತ್ತರಿಸುತ್ತದೆ. ಪಿಎಚ್‌ಪಿ ಆರಿಸಿದರೆ 'ಯು' ಫ್ಲ್ಯಾಗ್ ಹಾಕಲೇಬೇಕು. ಇಲ್ಲವಾದರೆ ಅದು ನೋಡುವುದು ಬೈಟ್‌ಗಳನ್ನು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್.

ಇಡೀ ಪದ ಬೇಕಿದ್ದರೆ ಆವರಣದೊಳಗಿನ ವ್ಯಾಪ್ತಿಯನ್ನು ಅನುಸ್ವಾರದಿಂದ ೯ರವರೆಗೆ ವಿಸ್ತರಿಸಿ. ಹೀಗೆ ಮಾಡಿದರೂ 'ಬುಕ್‌ಮಾರ್ಕ್' ಎಂಬ ಪದವೇ ನಡುವೆ ಮುರಿಯುತ್ತದೆ! 'ಕ್' ಮತ್ತು 'ಮಾ' ಒತ್ತಕ್ಷರವಾಗಿ ಕೂಡದಂತೆ ಅಲ್ಲೊಂದು ಕಾಣದ ಸಂಕೇತ ಕೂತಿದೆ, ಅದು ಕನ್ನಡದ ಪಟ್ಟಿಗೆ ಸೇರಿದ್ದಲ್ಲ. ಅದನ್ನೂ ಆವರಣದೊಳಗೆ ಸೇರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು: ನಿಮ್ಮ ಕೆಲಸಕ್ಕೆ ಇದ್ಯಾವುದೂ ಬೇಕಿಲ್ಲ. ಕ್ರೋಮ್ ಆಗಲಿ ಫೈರ್‌ಫಾಕ್ಸ್ ಆಗಲಿ, ಕಂಟ್ರೋಲ್, ಶಿಫ್ಟ್, ಓ ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್‌ಗಳ ಪಟ್ಟಿ ತೆರೆಯುತ್ತದೆ. ಅಲ್ಲಿಂದ ಎಕ್ಸ್‌ಪೋರ್ಟ್ ಮಾಡಿದರೆ ಒಂದು ಎಚ್‌ಟಿಎಂಎಲ್ ಕಡತ ಬರುತ್ತದೆ. ಅದರ ಮೊದಲ ಸಾಲಿನಲ್ಲಿ ಈಗಲೂ ನೆಟ್‌ಸ್ಕೇಪ್ ಹೆಸರಿದೆ. ಆ ಬ್ರೌಸರ್ ಹೋಗಿ ಎಷ್ಟೋ ಕಾಲವಾಯಿತು, ಅದರ ಕಡತದ ಕಟ್ಟು ಉಳಿದಿದೆ. ಅದರಲ್ಲಿ ಬುಕ್‌ಮಾರ್ಕ್ ಒಂದಕ್ಕೆ ಒಂದು ಸಾಲು. ಸಾಲಿನಲ್ಲಿ ಎಲ್ಲಾದರೂ ಒಂದು ಕನ್ನಡ ಅಕ್ಷರವಿದ್ದರೆ ಸಾಕು:

^.*[ಅ-ಹ].*$

ಪದ ತುಂಡಾಗುವ ಪ್ರಶ್ನೆಯೇ ಇಲ್ಲ. ಕನ್ನಡ ಹೆಸರಿನ ಫೋಲ್ಡರ್‌ಗಳೂ ಜೊತೆಗೆ ಬಂದಾವು, ಕೈಯಿಂದ ತೆಗೆದುಹಾಕಿ. ವಿಳಾಸದೊಳಗಿನ ಕನ್ನಡ ಸಾಮಾನ್ಯವಾಗಿ ಶೇಕಡಾ ಚಿಹ್ನೆಗಳ ಸಾಲಾಗಿ ಕೂತಿರುತ್ತದೆ, ಇದಕ್ಕೆ ಸಿಗದು. ಸಿಗುವುದು ಶೀರ್ಷಿಕೆಯಲ್ಲಿ ಕನ್ನಡವಿರುವ ಪುಟಗಳು.

ಒಂದು ಎಚ್ಚರ. ಪರೀಕ್ಷೆಗೆ ಆನ್‌ಲೈನ್ ತಾಣದಲ್ಲಿ ನಾಲ್ಕು ಸಾಲು ಮಾತ್ರ ಅಂಟಿಸಿ, ಇಡೀ ಕಡತವನ್ನಲ್ಲ. ಕಚೇರಿಯ ಒಳಪುಟಗಳು, ಖಾಸಗಿಯಾಗಿ ಹಂಚಿಕೊಂಡ ದಾಖಲೆಗಳ ಕೊಂಡಿಗಳು ಅದರಲ್ಲಿರುತ್ತವೆ. ರೆಜೆಕ್ಸ್ ಸರಿಯಾದ ಮೇಲೆ ನೋಟ್‌ಪ್ಯಾಡ್++ ಅಥವಾ ವಿಎಸ್ ಕೋಡ್‌ನಲ್ಲಿ, ನಿಮ್ಮ ಕಂಪ್ಯೂಟರಿನಲ್ಲೇ ಓಡಿಸಿ.

ಇನ್ನು ಎಲ್ಲಿಡುವುದು? ಬೇರೆ ಬೇರೆ ಬ್ರೌಸರ್ ಬಳಸುವವರಿಗೆ ಬುಕ್‌ಮಾರ್ಕ್ ಸೇವೆಯಾದ ರೇನ್‌ಡ್ರಾಪ್ ಅನುಕೂಲ. ಒಂದೇ ಬ್ರೌಸರ್ ಸಾಕೆನ್ನುವವರಿಗೆ ನನ್ನ ಓಟು ಫೈರ್‌ಫಾಕ್ಸ್‌ಗೆ: ಬುಕ್‌ಮಾರ್ಕಿಗೆ ಟ್ಯಾಗ್ ಹಚ್ಚಬಹುದು, ವಿಳಾಸಪಟ್ಟಿಯಲ್ಲಿ * ಹಾಕಿ ಜಾಗ ಬಿಟ್ಟು ಟೈಪಿಸಿದರೆ ಬುಕ್‌ಮಾರ್ಕ್‌ಗಳಲ್ಲಷ್ಟೇ ಹುಡುಕುತ್ತದೆ. ಯಾವುದನ್ನೇ ಆರಿಸಿದರೂ ಎಕ್ಸ್‌ಪೋರ್ಟ್ ಮಾಡಿದ ಕಡತವೊಂದು ನಿಮ್ಮಲ್ಲಿರಲಿ. 2003ರಲ್ಲಿ ಹುಟ್ಟಿದ ಬುಕ್‌ಮಾರ್ಕ್ ತಾಣ ಡೆಲಿಷಸ್ ಕೈಯಿಂದ ಕೈಗೆ ಮಾರಾಟವಾಗಿ ಮುಗಿದುಹೋಯಿತು. ಪುಟಗಳನ್ನು ಕೂಡಿಡಲು ಬಳಸುತ್ತಿದ್ದ ಮೊಝಿಲ್ಲಾದ ಪಾಕೆಟ್ 2025ರ ಜುಲೈನಲ್ಲಿ ಬಾಗಿಲು ಹಾಕಿತು.