ಮನೆ ಪಕ್ಕ ಕಡಿಮೆ ಖರ್ಚಿನ ಕಾರ್ ಶೆಡ್: ಹಂತ ಹಂತವಾಗಿ

ಸಾಲ ಮಾಡಿ ತಂದ ಕಾರು ಅಂಗಳದಲ್ಲಿ ಬಿಸಿಲಿಗೆ ಕಾಯುತ್ತ, ಮಳೆಗೆ ನೆನೆಯುತ್ತ ನಿಂತಿರುವುದನ್ನು ನಮ್ಮ ಊರುಗಳಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಬಿಸಿಲಿಗೆ ಮೊದಲು ಹೋಗುವುದು ವೈಪರ್ ರಬ್ಬರು ಮತ್ತು ಬಾಗಿಲ ಬೀಡಿಂಗು. ಆಮೇಲೆ ಡ್ಯಾಶ್‌ಬೋರ್ಡು ಬಣ್ಣಗೆಡುತ್ತದೆ, ಟೈರಿನ ಪಕ್ಕ ಸಣ್ಣಗೆ ಬಿರಿಯುತ್ತದೆ. ಆರ್‌ಸಿಸಿ ಕಟ್ಟಡಕ್ಕೆ ಹಣ ಸಾಲದು ಎಂದು ಹಲವರು ಟಾರ್ಪಾಲು ಕಟ್ಟಿ ಸುಮ್ಮನಾಗುತ್ತಾರೆ. ಅದರ ಅಗತ್ಯವಿಲ್ಲ. ಕಬ್ಬಿಣದ ಪೈಪು, ಬಣ್ಣದ ತಗಡಿನ ಶೀಟು, ಆರು ಗುಂಡಿ ಕಾಂಕ್ರೀಟು ಇಷ್ಟಿದ್ದರೆ ಬಹುಕಾಲ ಬಾಳುವ ಶೆಡ್ ಎದ್ದು ನಿಲ್ಲುತ್ತದೆ. ಮಧ್ಯೆ ಮಧ್ಯೆ ಕ್ಯೂರಿಂಗಿಗೆ ಬಿಡುವ ದಿನಗಳು ಸೇರಿ ಮೂರು ವಾರದ ಕೆಲಸ.

ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಶೆಡ್ಡುಗಳು ಹಾಳಾಗುವುದು ಹೆಚ್ಚಾಗಿ ಮಳೆಯಿಂದಲ್ಲ, ಏಪ್ರಿಲ್-ಮೇ ತಿಂಗಳ ಗಾಳಿಯಿಂದ. ಹಾಗಾಗಿ ಹಣ ಉಳಿಸಬೇಕೆಂದಿದ್ದರೆ ಅಂದಚಂದದಲ್ಲಿ ಉಳಿಸಿ, ನೆಲದೊಳಗೆ ಹೋಗುವ ಕಾಂಕ್ರೀಟಿನಲ್ಲೂ ಶೀಟು ಹಿಡಿಯುವ ಸ್ಕ್ರೂಗಳಲ್ಲೂ ಬೇಡ. ಕೆಲಸವನ್ನು ಫೆಬ್ರವರಿಯಲ್ಲಿ ಶುರುಮಾಡಿದರೆ ಮೊದಲ ಗುಡುಗು ಮಳೆಯ ಹೊತ್ತಿಗೆ ಮುಗಿದಿರುತ್ತದೆ.

ಹಂತ 1: ಜಾಗ ನೋಡುವುದು, ಅಳತೆ ಹಾಕುವುದು

ತೆಂಗಿನ ಮರದ ಕೆಳಗೆ ಶೆಡ್ ಬೇಡವೇ ಬೇಡ. ಒಂದು ಕಾಯಿ ಬಿದ್ದರೆ ಶೀಟೂ ತಗ್ಗಾಗುತ್ತದೆ, ಒಣ ಮಡಲು ಬಿದ್ದು ಬಿದ್ದು ಬಣ್ಣವೂ ಕಿತ್ತುಬರುತ್ತದೆ. ವಿದ್ಯುತ್ ತಂತಿ ಹಾದುಹೋಗುವ ಜಾಗವೂ ಆಗದು. ಉದ್ದದ ಕಬ್ಬಿಣದ ಪೈಪು ಎತ್ತುವಾಗ ಆಗುವ ಅನಾಹುತಗಳು ಅಂಥ ಕಡೆಯೇ.

ನಮ್ಮಲ್ಲಿ ಓಡಾಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು 4 ಮೀಟರಿನ ಒಳಗಿವೆ. ಆ ಉದ್ದ ಮೀರದ ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಕಡಿಮೆ ಇರುವುದೇ ಅದಕ್ಕೆ ಕಾರಣ. 4 ಮೀಟರ್ ಅಂದರೆ 13 ಅಡಿ ಚಿಲ್ಲರೆ. ಕಂಬದಿಂದ ಕಂಬಕ್ಕೆ 10 ಅಡಿ ಅಗಲ, 18 ಅಡಿ ಉದ್ದ ಇಟ್ಟರೆ ಕಾರು ನಿಂತು ಮುಂದೆ ಸ್ಕೂಟರನ್ನು ಅಡ್ಡ ನಿಲ್ಲಿಸುವಷ್ಟು ಜಾಗ ಉಳಿಯುತ್ತದೆ. ಇನ್ನೋವಾದಂಥ ದೊಡ್ಡ ಗಾಡಿಗೂ ಈ ಅಳತೆ ಆಗುತ್ತದೆ, ಸ್ಕೂಟರಿಗೆ ಮಾತ್ರ ಜಾಗ ಸಿಗದು.

ಕಾಗದದ ಮೇಲಿನ ಅಳತೆ ನಂಬಿ ಗುಂಡಿ ತೋಡಬೇಡಿ. ಸುಣ್ಣದ ಪುಡಿಯಿಂದ ನೆಲದ ಮೇಲೆ ಚೌಕ ಎಳೆಯಿರಿ, ಕಂಬ ಬರುವ ಆರು ಕಡೆ ಒಂದೊಂದು ಕೋಲು ನೆಡಿ. ನಾಲ್ಕು ಮೂಲೆ, ಉದ್ದದ ಎರಡೂ ಬದಿಯ ನಡುವೆ ಒಂದೊಂದು. ಈಗ ಕಾರನ್ನು ಒಳಗೆ ತನ್ನಿ. ನಾಲ್ಕೂ ಬಾಗಿಲು ತೆಗೆಯಿರಿ, ಡಿಕ್ಕಿ ಎತ್ತಿ. ನಡುವಿನ ಕೋಲು ಚಾಲಕನ ಬಾಗಿಲಿಗೆ ತಗಲುತ್ತದೆಯೇ? ಮನೆಯ ಹಿರಿಯರನ್ನು ಕೂರಿಸಿ ಇಳಿಸಿ ನೋಡಿ, ಅವರಿಗೆ ಕಾಲು ಚಾಚಲು ಜಾಗ ಸಾಲುತ್ತದೆಯೇ? ಗೇಟಿನಿಂದ ಒಂದೇ ತಿರುವಿನಲ್ಲಿ ಗಾಡಿ ಒಳಗೆ ಬರುತ್ತದೆಯೇ? ಕೋಲು ಅರ್ಧ ಅಡಿ ಆಚೀಚೆ ಮಾಡುವುದಕ್ಕೆ ಈಗ ಖರ್ಚಿಲ್ಲ.

ಮೂಲೆಗಳು ಸರಿಯಾಗಿ ಬಂದಿವೆಯೇ ಎಂದು ತಿಳಿಯಲು ಎದುರುಬದುರು ಮೂಲೆಗಳ ನಡುವೆ ಟೇಪು ಹಿಡಿಯಿರಿ. 10ಕ್ಕೆ 18ರ ಚೌಕದಲ್ಲಿ ಎರಡೂ ಕರ್ಣ 20 ಅಡಿ 7 ಇಂಚು ಬರಬೇಕು. ಒಂದು ಹೆಚ್ಚು, ಒಂದು ಕಡಿಮೆ ಬಂದರೆ ಚೌಕ ಓರೆಯಾಗಿದೆ. ಆ ಓರೆ ಕೊನೆಗೆ ಶೀಟು ಹೊದಿಸುವಾಗ ಕಾಡುತ್ತದೆ.

ಹಂತ 2: ಪಂಚಾಯಿತಿ, ನೆರೆಹೊರೆ

ನಿವೇಶನದ ಅಂಚಿನಿಂದ ಎಷ್ಟು ಜಾಗ ಬಿಡಬೇಕು, ತಗಡಿನ ಶೆಡ್ಡಿಗೆ ಅನುಮತಿ ಬೇಕೇ ಎಂಬುದು ಊರಿಂದ ಊರಿಗೆ ಬೇರೆ. ಗ್ರಾಮ ಪಂಚಾಯಿತಿಯಲ್ಲೋ ಪುರಸಭೆಯಲ್ಲೋ ಕೇಳಿಕೊಳ್ಳಿ. ಶೀಟಿನ ನೀರು ಪಕ್ಕದವರ ಜಾಗಕ್ಕೆ ಬೀಳದಂತೆ ಇಳಿಜಾರು ಕೊಡುವುದು ನಿಮ್ಮ ಜವಾಬ್ದಾರಿ. ಕೆಲಸ ಶುರುಮಾಡುವ ಮೊದಲು ಅವರಿಗೊಂದು ಮಾತು ಹೇಳಿಬಿಡಿ.

ಹಂತ 3: ಸಾಮಾನಿನ ಪಟ್ಟಿ

ಚದರಡಿಗೆ ಇಷ್ಟು ಎಂದು ವೆಲ್ಡಿಂಗ್ ಅಂಗಡಿಯವರಿಗೆ ಗುತ್ತಿಗೆ ಕೊಡುವುದು ಸುಲಭದ ದಾರಿ. ಆದರೆ ಸಾಮಾನು ನೀವೇ ತಂದು, ಮಜೂರಿ ಮಾತ್ರ ಮಾತಾಡಿಕೊಂಡರೆ ಹಣ ಉಳಿಯುತ್ತದೆ, ಪೈಪಿನ ದಪ್ಪವೂ ನಿಮ್ಮ ಕೈಯಲ್ಲಿರುತ್ತದೆ.

ಪೈಪು ಬರುವುದು 6 ಮೀಟರ್ ಉದ್ದಕ್ಕೆ, ಅಂದರೆ 20 ಅಡಿಗೆ ನಾಲ್ಕು ಇಂಚು ಕಡಿಮೆ. ಕಂಬಕ್ಕೆ 3 ಇಂಚು ಚೌಕದ ಜಿಐ ಪೈಪು ಮೂರು. ಅವುಗಳಲ್ಲಿ 9 ಅಡಿಯ ಮೂರು ಕಂಬ, ಏಳೂವರೆ ಅಡಿಯ ಮೂರು ಕಂಬ ಸಿಗುತ್ತವೆ. ಅಗಲಕ್ಕೆ ಇಳಿಜಾರಾಗಿ ಕೂರುವ ತೊಲೆಗೆ 3ಕ್ಕೆ ಒಂದೂವರೆ ಇಂಚಿನ ಪೈಪು ಮೂರು. ಒಂದೊಂದರಲ್ಲಿ 12 ಅಡಿ ತೊಲೆಗೆ ಹೋದರೆ ಉಳಿಯುವ ತುಂಡು ಏಳೂವರೆ ಅಡಿಯಷ್ಟು. ಅದನ್ನು ಗುಜರಿಗೆ ಹಾಕಬೇಡಿ, ಕಂಬ-ತೊಲೆ ಸೇರುವಲ್ಲಿ ಕೊಡುವ ಓರೆಗಟ್ಟುಗಳಿಗೆ ಅದೇ ಬೇಕು. ಉದ್ದಕ್ಕೆ ಕಂಬಗಳ ತಲೆ ಜೋಡಿಸಲು ಅದೇ ಅಳತೆಯ ಎರಡು. ಶೀಟು ಕೂರುವ ಪಟ್ಟಿಗೆ 2ಕ್ಕೆ 1 ಇಂಚಿನ ಪೈಪು ಐದು, ಕರಾವಳಿಯಾದರೆ 2 ಇಂಚು ಚೌಕದ್ದು. ಯಾವುದೂ 2 ಮಿ.ಮೀ.ಗಿಂತ ತೆಳ್ಳಗಿರಬಾರದು. ಅಂಗಡಿಯಲ್ಲಿ ತೂಕ ಮಾಡಿಸಿ, ಬಿಲ್ಲಿನಲ್ಲಿ ತೂಕ ಬರೆಸಿ. ದಪ್ಪ ಕಡಿಮೆಯಿದ್ದರೆ ತೂಕದಲ್ಲಿ ಗೊತ್ತಾಗಿಬಿಡುತ್ತದೆ.

ಬಣ್ಣದ ಶೀಟು 12 ಅಡಿ ಉದ್ದದ್ದು ಆರು. ದಪ್ಪ 0.45ರಿಂದ 0.5 ಮಿ.ಮೀ. ಒಂದರ ಮೇಲೊಂದು ಏರಿದ ಮೇಲೆ ಪ್ರತಿ ಶೀಟು ಸುಮಾರು 1 ಮೀಟರ್ ಅಗಲ ಮುಚ್ಚುತ್ತದೆ. ಆರು ಶೀಟಿಗೆ 6 ಮೀಟರ್, ಪಟ್ಟಿಯ ಪೈಪೂ 6 ಮೀಟರ್. ಎರಡನ್ನೂ ಕತ್ತರಿಸುವ ಕೆಲಸವಿಲ್ಲ, ಎರಡು ತುದಿಯಲ್ಲೂ ಕಂಬದಿಂದಾಚೆ ಹತ್ತು ಇಂಚಿನಷ್ಟು ಚಾಚು ತಾನಾಗಿ ಸಿಗುತ್ತದೆ.

ಕಲ್ನಾರಿನ ಸಿಮೆಂಟ್ ಶೀಟು ಅಗ್ಗ ಎಂದು ಕೆಲವರು ಸಲಹೆ ಕೊಡುತ್ತಾರೆ. ಕಲ್ನಾರಿನ ಶೀಟು ಕೊರೆಯುವಾಗ, ಒಡೆದಾಗ ಬರುವ ದೂಳು ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮನೆ ಮಕ್ಕಳು ಆಡುವ ಅಂಗಳಕ್ಕೆ ಅದನ್ನು ತರಬೇಡಿ. ತೋಟವಿದ್ದವರು ಅಡಿಕೆ ಮರದ ಕಂಬ ಹಾಕಬಹುದು, ಖರ್ಚು ಇನ್ನೂ ಇಳಿಯುತ್ತದೆ. ಆದರೆ ನೆಲ ತಾಗುವಲ್ಲಿ ಗೆದ್ದಲು ಹಿಡಿದು ಕೆಲವೇ ವರ್ಷಕ್ಕೆ ಬದಲಿಸಬೇಕಾಗುತ್ತದೆ.

ಹಂತ 4: ಗುಂಡಿ ಮತ್ತು ಕಾಂಕ್ರೀಟು

ಇಡೀ ಕೆಲಸದಲ್ಲಿ ನೀವು ಖುದ್ದು ನಿಂತು ನೋಡಬೇಕಾದದ್ದು ಇದೇ. ಆರು ಗುಂಡಿ, ಪ್ರತಿಯೊಂದೂ ಒಂದೂವರೆ ಅಡಿ ಚೌಕ, ಎರಡೂವರೆ ಅಡಿ ಆಳ. ‘ಅಷ್ಟೆಲ್ಲ ಯಾಕೆ ಸಾರ್, ಒಂದಡಿ ಸಾಕು’ ಎನ್ನುವವರು ಸಿಗುತ್ತಾರೆ. ಅವರಿಗೆ ಈ ಲೆಕ್ಕ ಹೇಳಿ.

ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ನಮ್ಮ ದೇಶದ ಮಾನಕ ಐಎಸ್ 875ರ ಮೂರನೇ ಭಾಗ. ಅದರ ಪ್ರಕಾರ ಬೆಂಗಳೂರಿನ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. 33 ಮೀಟರ್ ವೇಗದ ಗಾಳಿ ಚದರ ಮೀಟರಿಗೆ ಸುಮಾರು 65 ಕೆಜಿಯ ಒತ್ತಡ ಹಾಕುತ್ತದೆ. ನಮ್ಮ ಶೆಡ್ಡಿನ ಮೇಲ್ಛಾವಣಿ 21 ಚದರ ಮೀಟರಿಗೂ ಹೆಚ್ಚು. ಬದಿ ತೆರೆದ ಶೆಡ್ಡಿನೊಳಗೆ ನುಗ್ಗಿದ ಗಾಳಿ ಸ್ಥೂಲವಾಗಿ 1,400 ಕೆಜಿಯಷ್ಟು ಬಲದಿಂದ ಶೀಟನ್ನು ಮೇಲಕ್ಕೆ ತಳ್ಳಬಲ್ಲದು. ಮಂಗಳೂರಿನ ವೇಗಕ್ಕೆ ಅದು 2,000 ಕೆಜಿ ಸಮೀಪ ಹೋಗುತ್ತದೆ. ಆರು ಶೀಟುಗಳ ತೂಕವೋ ಎಲ್ಲ ಸೇರಿ ನೂರು ಕೆಜಿ ಆಸುಪಾಸು. ಹಾಗಾದರೆ ಶೆಡ್ಡನ್ನು ಹಿಡಿದಿಡುವುದು ಯಾವುದು? ಮೇಲೆ ಹೇಳಿದ ಅಳತೆಯ ಒಂದು ಗುಂಡಿಯ ಕಾಂಕ್ರೀಟು ಸುಮಾರು 380 ಕೆಜಿ ತೂಗುತ್ತದೆ, ಆರಕ್ಕೆ 2,200 ಕೆಜಿ ದಾಟುತ್ತದೆ. ಒಂದಡಿ ಗುಂಡಿ ತೋಡಿದರೆ 900 ಕೆಜಿಯಷ್ಟಕ್ಕೇ ನಿಲ್ಲುತ್ತದೆ.

ಒಂದು ಪಾಲು ಸಿಮೆಂಟು, ಎರಡು ಪಾಲು ಎಂ ಸ್ಯಾಂಡ್, ನಾಲ್ಕು ಪಾಲು 20 ಮಿ.ಮೀ. ಜಲ್ಲಿ. ಸಲಿಕೆಯ ಅಂದಾಜು ಬೇಡ, ಬಾಂಡ್ಲಿಯಲ್ಲಿ ಅಳೆದು ಹಾಕಿಸಿ. ಒಟ್ಟು ಏಳು ಚೀಲ ಸಿಮೆಂಟು ಸಾಕು. ನೀರು ಹೆಚ್ಚು ಸುರಿದರೆ ಕಲಸುವುದು ಸುಲಭ, ಕಾಂಕ್ರೀಟಿನ ಬಲ ಮಾತ್ರ ಇಳಿಯುತ್ತದೆ.

ಕಂಬವನ್ನು ನೇರವಾಗಿ ಗುಂಡಿಗೆ ಇಳಿಸಿ ಕಾಂಕ್ರೀಟು ಸುರಿಯುವ ರೂಢಿಯಿದೆ. ನನ್ನ ಮತ ಅದಕ್ಕಿಲ್ಲ. ನೆಲಮಟ್ಟದಲ್ಲಿ ನೀರು ನಿಂತು ಪೈಪು ಅಲ್ಲೇ ತುಕ್ಕು ಹಿಡಿಯುತ್ತದೆ, ಬದಲಿಸಲೂ ಬರುವುದಿಲ್ಲ. ಕಾಂಕ್ರೀಟನ್ನು ಒಂದಡಿ ಚೌಕದಲ್ಲಿ ನೆಲದಿಂದ ಆರು ಇಂಚು ಮೇಲೆತ್ತಿ. ಅದರಲ್ಲಿ 12 ಮಿ.ಮೀ. ದಪ್ಪದ, ಒಂದೂವರೆ ಅಡಿ ಉದ್ದದ ನಾಲ್ಕು ಜೆ ಬೋಲ್ಟ್ ಕೂರಿಸಿ. ಕಂಬದ ಬುಡಕ್ಕೆ 8 ಇಂಚು ಚೌಕದ, 8 ಮಿ.ಮೀ. ದಪ್ಪದ ಪ್ಲೇಟು ವೆಲ್ಡ್ ಮಾಡಿಸಿ ಬೋಲ್ಟಿಗೆ ಬಿಗಿಯಿರಿ. ಬೋಲ್ಟುಗಳು ಪ್ಲೇಟಿನ ತೂತಿಗೆ ಸರಿಯಾಗಿ ಬರಬೇಕಾದರೆ ಒಂದು ಪ್ಲೈವುಡ್ ತುಂಡಿಗೆ ಅದೇ ಅಳತೆಯ ತೂತು ಕೊರೆದು, ಬೋಲ್ಟುಗಳನ್ನು ಅದಕ್ಕೆ ನೇತುಹಾಕಿ, ಆಮೇಲೆ ಕಾಂಕ್ರೀಟು ಸುರಿಯಿರಿ. ಬೋಲ್ಟಿನ ಮರೆಗೆ ಗ್ರೀಸು ಸವರಿ ಪ್ಲಾಸ್ಟಿಕ್ ಸುತ್ತಿ, ಇಲ್ಲದಿದ್ದರೆ ಸಿಮೆಂಟು ಮೆತ್ತಿ ನಟ್ಟು ಹತ್ತುವುದಿಲ್ಲ. ಆರೂ ಪೀಠಗಳ ತಲೆ ಒಂದೇ ಮಟ್ಟಕ್ಕೆ ಬರಲು ನೀರಿನ ಟ್ಯೂಬು ಹಿಡಿಯಿರಿ.

ಏಳು ದಿನ ನೀರು ಹಾಕಿ, ಗೋಣಿ ಹೊದಿಸಿ. ಆ ವಾರ ಕಂಬ ನಿಲ್ಲಿಸಲು ಅವಸರ ಮಾಡಬೇಡಿ.

ಹಂತ 5: ಚೌಕಟ್ಟು

ಎತ್ತರದ ಮೂರು ಕಂಬ ಒಂದು ಬದಿಗೆ, ಗಿಡ್ಡ ಮೂರು ಇನ್ನೊಂದು ಬದಿಗೆ. 10 ಅಡಿಗೆ ಒಂದೂವರೆ ಅಡಿ ಇಳಿಜಾರು ಸಿಗುತ್ತದೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯ ಸೀಮೆಗೆ ಇದು ಬೇಕು. ಬಯಲುಸೀಮೆಯಲ್ಲಿ ಒಂದಡಿ ಸಾಕು. ಮಲೆನಾಡಿನಲ್ಲಿ ಗಿಡ್ಡ ಬದಿಯನ್ನು ಪಡುವಣಕ್ಕೆ ಇಟ್ಟರೆ ಮಳೆಗಾಳಿಯ ಎರಚಲು ಕಡಿಮೆಯಾಗುತ್ತದೆ.

ಕಂಬವನ್ನು ತೂಕದ ಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಿ, ಆಮೇಲೆ ತೊಲೆ, ಆಮೇಲೆ ಪಟ್ಟಿ. ಪಟ್ಟಿಗಳ ನಡುವೆ ಮೂರಡಿ ಅಂತರ, ಪೈಪು ಕಿರುಬದಿಯ ಮೇಲೆ ನಿಂತಿರಬೇಕು. ಮಲಗಿಸಿದರೆ ಬಾಗುತ್ತದೆ. ಪ್ರತಿ ಕಂಬದಿಂದ ತೊಲೆಗೆ ಹಾಗೂ ಉದ್ದದ ಪೈಪಿಗೆ ಎರಡಡಿಗೆ ತುಸು ಕಡಿಮೆ ಉದ್ದದ ಓರೆಗಟ್ಟು ಕೊಡಿಸಿ. ಉಳಿದಿದ್ದ ಮೂರು ತುಂಡುಗಳು ಅದಕ್ಕೇ ಸರಿಹೋಗುತ್ತವೆ. ನಾನು ನೋಡಿದ ಅಲುಗಾಡುವ ಶೆಡ್ಡುಗಳಲ್ಲಿ ಹೆಚ್ಚಿನವಕ್ಕೆ ಈ ಓರೆಗಟ್ಟುಗಳೇ ಇರುವುದಿಲ್ಲ.

ವೆಲ್ಡ್ ಮಾಡಿದಲ್ಲಿ ಜಿಐ ಪೈಪಿನ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ಕರಟಿದ ಭಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಅದೇ ದಿನ ಪ್ರೈಮರ್ ಹಚ್ಚಿ, ಮೇಲೆ ಎರಡು ಕೋಟು ಬಣ್ಣ. ಪೈಪುಗಳ ತೆರೆದ ಬಾಯಿಗೆ ಮುಚ್ಚಳ ಹಾಕಿಸಿ, ಕಣಜಗಳು ಗೂಡು ಕಟ್ಟುವುದು ಅಲ್ಲೇ.

ಹಂತ 6: ಶೀಟು

ಮುಂಗಾರು ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಶೆಡ್ಡಿನ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ಮೊದಲ ಶೀಟನ್ನು ಪೂರ್ವದ ತುದಿಯಲ್ಲಿ ಹಾಕಿ ಪಶ್ಚಿಮಕ್ಕೆ ಬನ್ನಿ. ಆಗ ಏರಿದ ಅಂಚು ಗಾಳಿಗೆ ಬೆನ್ನು ಮಾಡಿರುತ್ತದೆ, ನೀರು ಒಳಗೆ ನುಗ್ಗುವುದಿಲ್ಲ.

ರಬ್ಬರ್ ವಾಷರ್ ಇರುವ ಸ್ಕ್ರೂಗಳನ್ನು ಶೀಟಿನ ಉಬ್ಬಿನ ಮೇಲೆ ಹೊಡೆಯಿರಿ, ನೀರು ಹರಿಯುವ ತಗ್ಗಿನಲ್ಲಿ ಬೇಡ. ಮೇಲಿನ ಮತ್ತು ಕೆಳಗಿನ ಪಟ್ಟಿಗೆ ಪ್ರತಿ ಉಬ್ಬಿಗೂ ಒಂದು, ನಡುವಿನ ಪಟ್ಟಿಗಳಿಗೆ ಒಂದು ಬಿಟ್ಟು ಒಂದು. ಗಾಳಿ ಮೊದಲು ಎತ್ತುವುದು ಅಂಚುಗಳನ್ನೇ. ವಾಷರ್ ತುಸು ಉಬ್ಬುವಷ್ಟು ಬಿಗಿದರೆ ಸಾಕು. ಅಪ್ಪಚ್ಚಿಯಾದರೆ ಬಿಸಿಲಿಗೆ ಬೇಗ ಬಿರಿದು ಸೋರುತ್ತದೆ.

ಶೀಟು ಕತ್ತರಿಸಬೇಕಾಗಿ ಬಂದರೆ ತಗಡು ಕತ್ತರಿ ಬಳಸಿ. ಗ್ರೈಂಡರ್ ಇಟ್ಟರೆ ಅಂಚಿನ ಲೇಪ ಸುಡುತ್ತದೆ, ಕಿಡಿಯ ಚೂರುಗಳು ಶೀಟಿಗೆ ಅಂಟಿ ಒಂದೇ ಮಳೆಗಾಲದಲ್ಲಿ ತುಕ್ಕಿನ ಚುಕ್ಕಿ ಏಳುತ್ತವೆ. ಕೊರೆದ ಪುಡಿಯನ್ನೂ ಅಂದೇ ಗುಡಿಸಿಬಿಡಿ.

ಹಂತ 7: ನೆಲ

ಪೂರ್ತಿ ಕಾಂಕ್ರೀಟು ಬೇಕಿಲ್ಲ. ಚಕ್ರ ಓಡುವಲ್ಲಿ ಮಾತ್ರ ಎರಡಡಿ ಅಗಲದ ಎರಡು ಪಟ್ಟೆ, ನಡುವೆ ಎರಡೂವರೆ ಅಡಿ ಅಂತರ. ಕೆಳಗೆ ದಪ್ಪ ಜಲ್ಲಿ ಬಡಿದು ಕೂರಿಸಿ, ಮೇಲೆ ನಾಲ್ಕು ಇಂಚು ಕಾಂಕ್ರೀಟು. ಕರಾವಳಿಯಲ್ಲಿ ಒಡೆದ ಕೆಂಪುಕಲ್ಲು ಸಿಕ್ಕರೆ ಅದನ್ನೇ ಬಡಿಯಬಹುದು. ನಡುವೆ ಜಲ್ಲಿ ಹರಡಿದರೆ ಗಾಡಿಯಿಂದ ಸೋರಿದ ನೀರು ಇಂಗುತ್ತದೆ. ಕಾರು ಮುಂದೆ ಹೋಗಿ ಕಂಬಕ್ಕೆ ಬಡಿಯದಂತೆ ಪಟ್ಟೆಯ ತುದಿಗೆ ನಾಲ್ಕು ಇಂಚಿನ ದಿಂಡು ಕಟ್ಟಿಸಿ.

ಪಟ್ಟೆ ಹಾಕುವ ಮೊದಲು ಮನೆಯಿಂದ ಶೆಡ್ಡಿಗೆ ಒಂದು ಪಿವಿಸಿ ಪೈಪನ್ನು ಮಣ್ಣಿನೊಳಗೆ ಹೂತಿಡಿ. ಈಗ ಒಂದು ದೀಪಕ್ಕೆ ಆಗುತ್ತದೆ. ಮುಂದೆ ವಿದ್ಯುತ್ ಗಾಡಿ ತಂದರೆ ಅರ್ಥಿಂಗ್ ಸಹಿತ 16 ಆಂಪಿಯರ್ ಪ್ಲಗ್ಗಿಗೆ ತಂತಿ ಎಳೆಯಲು ನೆಲ ಅಗೆಯಬೇಕಾಗುವುದಿಲ್ಲ.

ಹಂತ 8: ನೀರು, ಗಾಳಿ, ಇಲಿ

100 ಮಿ.ಮೀ. ಮಳೆ ಬಂದ ದಿನ ಈ ಶೀಟಿನಿಂದ 2,000 ಲೀಟರಿಗೂ ಹೆಚ್ಚು ನೀರು ಇಳಿಯುತ್ತದೆ. ಅದು ಒಂದೇ ಸಾಲಿನಲ್ಲಿ ಬಿದ್ದರೆ ಕಂಬದ ಬುಡದ ಮಣ್ಣು ಕೊಚ್ಚುತ್ತದೆ. ಆರು ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ ಕೆಳ ಅಂಚಿಗೆ ಕಟ್ಟಿ, ನೀರನ್ನು ತೊಟ್ಟಿಗೋ ಇಂಗುಗುಂಡಿಗೋ ಬಿಡಿ.

ನಾಲ್ಕೂ ಬದಿ ತಗಡು ಮುಚ್ಚುವ ಆಸೆ ಬೇಡ. ಗಾಳಿಯಾಡದ ಶೆಡ್ಡಿನಲ್ಲಿ ನೆನೆದ ಕಾರು ಒಣಗುವುದಿಲ್ಲ, ಮಲೆನಾಡಿನ ಮಳೆಗಾಲದಲ್ಲಿ ಸೀಟಿಗೆ ಬೂಸ್ಟು ಹಿಡಿಯುತ್ತದೆ. ಎರಚಲು ಬರುವ ಬದಿಗೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಗೆಯ ತಟ್ಟಿಯನ್ನೋ ಹಸಿರು ಶೇಡ್ ನೆಟ್ಟನ್ನೋ ಕಟ್ಟಿ, ಮಳೆ ಮುಗಿದ ಮೇಲೆ ಬಿಚ್ಚಿಡಿ. ಭತ್ತ, ಅಡಿಕೆ, ಹಿಂಡಿಯ ಮೂಟೆಗಳನ್ನು ಶೆಡ್ಡಿನಲ್ಲಿ ಒಟ್ಟಬೇಡಿ. ಅವುಗಳ ಜಾಡು ಹಿಡಿದು ಬಂದ ಇಲಿ ಬೆಚ್ಚಗಿನ ಎಂಜಿನ್ನಿನೊಳಗೆ ಸೇರಿ ವೈರು ಕಡಿಯುತ್ತದೆ. ಆ ರಿಪೇರಿಯ ಬಿಲ್ಲು ಒಂದು ಬದಿಯ ಶೀಟಿನ ಬೆಲೆಯನ್ನೂ ಮೀರಬಹುದು.

ಪ್ರತಿ ವರ್ಷ ಮಾರ್ಚ್ ಕೊನೆಗೆ, ಶೀಟು ಒಣಗಿರುವಾಗ, ಏಣಿ ಹಾಕಿ ಅಂಚಿನ ಸ್ಕ್ರೂಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಶೀಟಿನ ಮೇಲೆ ಕಾಲಿಡಬೇಡಿ, ಏಣಿಯನ್ನೇ ಸರಿಸಿಕೊಳ್ಳಿ. ಬಿರಿದ ವಾಷರ್ ಬದಲಿಸಿ, ಜೆ ಬೋಲ್ಟಿನ ನಟ್ಟುಗಳಿಗೆ ಒಮ್ಮೆ ಪಾನಾ ಹಾಕಿ, ದೋಣಿಯ ತರಗೆಲೆ ತೆಗೆಯಿರಿ. ಅರ್ಧ ದಿನದ ಕೆಲಸ, ಏಪ್ರಿಲ್ ಬರುವ ಮೊದಲೇ ಮುಗಿಸಿಬಿಡಿ.