ಕಬ್ಬಿನ ಕಟಾವು: ಕೈಯ ಕುಶಲತೆಯೂ ಯಂತ್ರದ ಬಲವೂ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯ ಬಳಿ ಕೃಷ್ಣಾ ನದಿಗೆ ಒಕ್ಕಲಿಗರು ತಮ್ಮ ವಂತಿಗೆಯಿಂದಲೂ ಶ್ರಮದಾನದಿಂದಲೂ 1989ರಲ್ಲಿ ಕಟ್ಟಿಕೊಂಡ ಬಾಂದಾರವು ‘ಶ್ರಮಬಿಂದು ಸಾಗರ’ವೆಂದು ಹೆಸರಾಗಿದೆ. ಅದರ ನೀರು ಹಾಯ್ದ ಕಡೆಗೆ ಕಬ್ಬು ಹಬ್ಬಿತು. ಬಾಂದಾರ ಕಟ್ಟುವುದಕ್ಕೆ ಕೈಗಳು ದೊರೆತುವು. ಕಬ್ಬು ಕಡಿಯುವುದಕ್ಕೆ ಈಗ ಸಕಾಲಕ್ಕೆ ದೊರೆಯುವುದು ಕಷ್ಟವಾಗಿದೆ. ಪರಸ್ಥಳದ ಗ್ಯಾಂಗಿಗೆ ಮುಂಗಡವಿತ್ತು ಹಾದಿ ಕಾಯುವ ರೈತನು, “ಪರದೇಶದಲ್ಲಿ ಯಂತ್ರವೇ ಕಡಿಯುವುದಂತೆ, ನಮಗೇಕಾಗದು?” ಎಂದು ಕೇಳುತ್ತಾನೆ. ಈ ಪ್ರಶ್ನೆಯನ್ನು ತುಸು ವಿಚಾರಿಸತಕ್ಕದ್ದು.

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿಯೂ ಒಂದು ಕಾಲಕ್ಕೆ ಕೈಕಟಾವೇ ಇದ್ದಿತು. 1863ರಿಂದ ಪೆಸಿಫಿಕ್ ದ್ವೀಪಗಳ ಜನರನ್ನು, ಹಲವರನ್ನು ವಂಚನೆಯಿಂದಲೂ, ತಂದು ಅಲ್ಪ ಕೂಲಿಗೆ ತೋಟಗಳಲ್ಲಿ ದುಡಿಸಿದರು. 1901ರ ಕಾಯಿದೆಯಿಂದ ಆ ದಾರಿ ಮುಚ್ಚಿತು. ಎರಡನೆಯ ಮಹಾಯುದ್ಧದ ತರುವಾಯ ಆಳುಗಳು ದುರ್ಲಭರಾದರು. 1970ರ ದಶಕ ಮುಗಿಯುವುದರೊಳಗಾಗಿ ಕೈಕಟಾವು ಇಲ್ಲವಾಯಿತು. ಅಲ್ಲಿಯ ರೈತನು ನಮ್ಮವನಿಗಿಂತ ಜಾಣನೆಂದು ಇದರರ್ಥವಲ್ಲ. ಅಲ್ಲಿ ಕೂಲಿ ತುಟ್ಟಿ, ಬಂಡವಾಳ ಸುಲಭ; ಇಲ್ಲಿ ಬಹುಕಾಲ ಇದಕ್ಕೆ ವಿಪರೀತ.

ನಮ್ಮ ಕಡಿಯುವವನು ಬಗ್ಗಿ ನೆಲಮಟ್ಟಕ್ಕೆ ಕೊಯ್ತಾ ಹಾಕುತ್ತಾನೆ. ಬುಡದ ಗಣಿಕೆಗಳಲ್ಲಿಯೇ ಸಕ್ಕರೆ ಹೆಚ್ಚು; ಮೇಲೆ ಕಡಿದಷ್ಟೂ ನಷ್ಟ, ಕುಳೆಯೂ ಕೆಡುವುದು. ಹಿಂದಿನಿಂದ ಹೆಣ್ಣುಮಕ್ಕಳು ರವದಿ ಸುಲಿದು, ಸೋಗೆ ಬೇರ್ಪಡಿಸಿ, ಹೊರೆ ಕಟ್ಟುತ್ತಾರೆ. ಇದನ್ನು ‘ಅಕುಶಲ’ ಕೆಲಸವೆಂದು ಲೆಕ್ಕದಲ್ಲಿ ಬರೆಯುವುದು ನನಗೆಂದೂ ಸರಿದೋರಿಲ್ಲ. ಯಂತ್ರದಲ್ಲಿ ಈ ಕುಶಲತೆ ಅಳಿಯುವುದಿಲ್ಲ, ಚಾಲಕನ ಪೀಠಕ್ಕೆ ಏರುತ್ತದೆ. ಅಲಗಿನ ಎತ್ತರವನ್ನು ಅವನು ನೆಲಕ್ಕೆ ತಕ್ಕಂತೆ ಹಿಡಿಯದಿದ್ದರೆ ಒಂದೇ ದಿನದಲ್ಲಿ ಎಕರೆಗಟ್ಟಲೆ ಕುಳೆ ಹಾಳಾಗುವುದು.

ಇನ್ನೊಂದು ಸಂಗತಿಯನ್ನು ಹಲವರು ಮರೆಯುತ್ತಾರೆ. ಯಂತ್ರವು ಕಬ್ಬನ್ನು ಗೇಣಿಗೂ ಕಿರಿದಾದ ತುಂಡುಗಳಾಗಿ ಕತ್ತರಿಸುತ್ತದೆ. ತುಂಡು ಹೆಚ್ಚಿದಷ್ಟು ಕತ್ತರಿಸಿದ ಬಾಯಿಗಳು ಹೆಚ್ಚು. ಅಲ್ಲಿ ಸೂಕ್ಷ್ಮಜೀವಿಗಳು ಸೇರಿ ರಸ ಹುಳಿಯುವುದು, ಸಕ್ಕರೆ ಇಳಿಯುವುದು. ಕ್ವೀನ್ಸ್‌ಲ್ಯಾಂಡಿನಲ್ಲಿ ತೋಟಗಳಿಂದ ಕಾರ್ಖಾನೆಗೆ ಎರಡಡಿ ಅಗಲದ ಸಣ್ಣ ರೈಲುದಾರಿಗಳಿದ್ದು ಕಬ್ಬು ಬೇಗನೆ ಗಾಣ ಸೇರುತ್ತದೆ. ನಮ್ಮಲ್ಲಿ ಟ್ರಾಲಿಗಳು ಕಾರ್ಖಾನೆಯ ಅಂಗಳದಲ್ಲಿ ರಾತ್ರಿಗಟ್ಟಲೆ ನಿಂತರೆ ಯಂತ್ರದಿಂದಾದ ಲಾಭವೆಲ್ಲ ಅಲ್ಲಿಯೇ ಸೋರುವುದು. ಆದುದರಿಂದ ಅಂದಂದಿನ ಕಬ್ಬನ್ನು ಅಂದಂದೇ ಅರೆಯುವ ಕರಾರನ್ನು ಕಾರ್ಖಾನೆಯೊಡನೆ ಮೊದಲೇ ಮಾಡಿಕೊಳ್ಳತಕ್ಕದ್ದು. ಸೋಗೆಯೂ ಹೊಲದಲ್ಲಿ ಚೂರಾಗಿ ಬೀಳುವುದು. ಮುಚ್ಚಿಗೆಗೆ ಅದು ಒಳ್ಳೆಯದು, ಆದರೆ ದನಗಳಿಗೆ ಬೇರೆ ಮೇವನ್ನು ಯೋಚಿಸಬೇಕು.

ಯಂತ್ರ ತರಿಸುವ ಅಪೇಕ್ಷೆಯುಳ್ಳವರು ನಾಟಿಯ ಮೊದಲೇ ಸಿದ್ಧರಾಗಬೇಕು. ಸಾಲುಗಳ ನಡುವೆ ಸುಮಾರು 5 ಅಡಿ ಅಂತರ ಬಿಡಿರಿ. ಮೊದಲ ತಿಂಗಳುಗಳಲ್ಲಿ ನಡುವೆ ಶೇಂಗಾ, ಉಳ್ಳಾಗಡ್ಡಿ ತೆಗೆಯಬಹುದು. ಕಲ್ಲು ಆಯ್ದು, ಸಾಲುಗಳ ತುದಿಯಲ್ಲಿ ಯಂತ್ರ ತಿರುಗಲು ಜಾಗವಿರಲಿ. ಒಬ್ಬನ ಎರಡೆಕರೆಗೆ ಯಂತ್ರ ಬರಲಾರದು. ನೆರೆಯ ನಾಲ್ಕಾರು ಜನ ಕೂಡಿ ಒಂದೇ ದಿಕ್ಕಿಗೆ, ಒಂದೇ ವಾರದಲ್ಲಿ ನೆಟ್ಟರೆ ಅನುಕೂಲ. ಎರೆಭೂಮಿಯಲ್ಲಿ ಕಟಾವಿಗೆ ಎರಡು ಮೂರು ವಾರ ಮೊದಲು ನೀರು ನಿಲ್ಲಿಸಿರಿ. ಹಸಿ ಎರೆಯ ಮೇಲೆ ಆ ಭಾರದ ಗಾಲಿ ಹಾಯ್ದರೆ ಮಣ್ಣು ಬಿಗಿದು ಮುಂದಿನ ಕುಳೆ ಏಳದು.